ಬೆಳೆದ ಮೂಳೆಯೋ, ಎಳೆತದ ಗುರುತೋ: ಭುಜನೋವಿನ ಆರ್ಥ್ರೋಸ್ಕೋಪಿ ಚರಿತ್ರೆಯಲ್ಲಿ ನಿಯರ್ ಅವರ ಹನ್ನೊಂದು ಮೂಳೆಗಳು

ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಕೊಳವೆಯನ್ನು ಕೀಲಿನೊಳಗೆ ತೂರಿಸಿ ನಡೆಸುವ ಆರ್ಥ್ರೋಸ್ಕೋಪಿ ಶಸ್ತ್ರಕ್ರಿಯೆಯು ಭುಜನೋವಿಗೆ ಚಿಕಿತ್ಸೆಯಾಗಿ ನೆಲೆಯೂರಿದ ಬಗೆಯನ್ನು ಹೇಳುವವರು ಸಾಮಾನ್ಯವಾಗಿ ಒಂದೇ ವಂಶಾವಳಿಯನ್ನು ಒಪ್ಪಿಸುತ್ತಾರೆ: 1931ರಲ್ಲಿ ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಶವಗಳ ಭುಜದೊಳಗನ್ನು ನೋಡಿದರು, 1972ರಲ್ಲಿ ಚಾರ್ಲ್ಸ್ ನಿಯರ್ ನೋವಿನ ಕಾರಣವನ್ನು ಕಂಡುಹಿಡಿದರು, 1987ರಲ್ಲಿ ಹಾರ್ವರ್ಡ್ ಎಲ್ಮನ್ ಆ ಕಾರಣವನ್ನು ದೊಡ್ಡ ಗಾಯವಿಲ್ಲದೆ ಕೊರೆದು ತೆಗೆದ ಫಲಿತಾಂಶಗಳನ್ನು ಪ್ರಕಟಿಸಿದರು. ಈ ಸರಪಳಿಯಲ್ಲಿ ನಡುವಿನ ಕೊಂಡಿಯೇ ಸಡಿಲ. ನಿಯರ್ ಬರೆದದ್ದು ಒಂದು, ಅವರ ಹೆಸರಿನಲ್ಲಿ ಓದಲಾದದ್ದು ಇನ್ನೊಂದು.

ನಿಯರ್ ಅವರ ಲೇಖನದ ಮುಖ್ಯ ಸಾಕ್ಷ್ಯ ನೂರು ಹೆಗಲಮೂಳೆಗಳ ಪರೀಕ್ಷೆ. ಅವುಗಳಲ್ಲಿ ಹನ್ನೊಂದರಲ್ಲಿ ಮಾತ್ರ, ಭುಜದ ತುದಿಯಲ್ಲಿ ಚಾವಣಿಯಂತೆ ಚಾಚಿರುವ ಅಕ್ರೋಮಿಯನ್ ಎಂಬ ಭಾಗದ ಮುಂದಿನ ಅಂಚಿನ ಕೆಳಮೈಯಲ್ಲಿ, ಮುಳ್ಳುಮುಳ್ಳಾಗಿ ಬೆಳೆದ ಮೂಳೆಯ ಏಣು ಕಂಡಿತು. ಮುಂದಿನ ಓದುಗರು ಈ ಏಣನ್ನೇ ಅಪರಾಧಿಯನ್ನಾಗಿಸಿದರು: ಕೈ ಎತ್ತಿದಾಗಲೆಲ್ಲ ಅದು ಕೆಳಗಿರುವ ರೊಟೇಟರ್ ಕಫ್ ಅನ್ನು, ಅಂದರೆ ತೋಳಿನ ಮೂಳೆಯ ತಲೆಯನ್ನು ಸುತ್ತಿ ಹಿಡಿದಿರುವ ನಾಲ್ಕು ಸ್ನಾಯುಗಳ ರಜ್ಜುಗಳನ್ನು, ಉಜ್ಜಿ ಹರಿಯುತ್ತದೆ ಎಂಬುದು ಅವರ ವಾದ. ಮೂಲದಲ್ಲಿ ಮಾತಿನ ದಿಕ್ಕು ಬೇರೆ. ಆ ಏಣು ರಜ್ಜುಗಳ ಮತ್ತು ತೋಳಿನ ಮೂಳೆಯ ತಲೆಯ ಪದೇ ಪದೇ ಬೀಳುವ ಒತ್ತಡದಿಂದ, ಜೊತೆಗೆ ಅಕ್ರೋಮಿಯನ್ನಿಗೆ ಕಟ್ಟಿಕೊಂಡಿರುವ ಅಸ್ಥಿಬಂಧದ ಎಳೆತದಿಂದ ಉಂಟಾದಂತೆ ತೋರುತ್ತದೆ ಎಂದೇ ನಿಯರ್ ವಿವರಿಸಿದ್ದರು. ಹಾಗಿದ್ದ ಮೇಲೆ ಏಣು ಮೊದಲನೆಯ ಕಾರಣವಲ್ಲ, ಎಷ್ಟೋ ವರ್ಷಗಳ ಎಳೆತ ಉಳಿಸಿಹೋದ ಗುರುತು. (ಉಜ್ಜುವಿಕೆಯೇ ರಜ್ಜುಹರಿತದ ಪ್ರಧಾನ ಕಾರಣವೆಂದು ನಿಯರ್ ಅವರೇ ಮುಂದೆ ಬಲವಾಗಿ ಪ್ರತಿಪಾದಿಸಿದ್ದು ನಿಜ, ಆದರೆ ಆ ನಂತರದ ನಿಲುವನ್ನು 1972ರ ಹನ್ನೊಂದು ಮೂಳೆಗಳ ಮೇಲೆ ಹೊರಿಸುವುದು ಆಕರಕ್ಕೆ ಮಾಡುವ ಅನ್ಯಾಯ. ನೂರರಲ್ಲಿ ಉಳಿದ ಎಂಬತ್ತೊಂಬತ್ತನ್ನು ಈ ಪರಂಪರೆಯ ಲೇಖಕರು ಪ್ರಸ್ತಾಪಿಸುವುದೇ ಅಪರೂಪ.)

ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ 1934ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಭುಜದ ಮೇಲಿನ ಗ್ರಂಥವನ್ನು ಇಲ್ಲಿ ಪಕ್ಕಕ್ಕೆ ಸರಿಸಿದ್ದು ಇನ್ನೂ ದೊಡ್ಡ ಲೋಪ. ಅನೇಕ ಹರಿತಗಳು ರಜ್ಜುವಿನ ಮೇಲ್ಮೈಯಲ್ಲಲ್ಲ, ಕೀಲಿನ ಕಡೆಗಿರುವ ಒಳಮೈಯಲ್ಲಿ ಶುರುವಾಗುತ್ತವೆ ಎಂದು ಕಾಡ್ಮನ್ ತೋರಿಸಿದ್ದರು. ಮೇಲಿನಿಂದ ಉಜ್ಜುವ ಏಣು ಕೆಳಗಿನ ಮೈಯನ್ನು ಮೊದಲು ಹರಿಯುವುದು ಹೇಗೆಂಬ ಪ್ರಶ್ನೆಗೆ ಏಣಿನ ಪಕ್ಷದವರಿಂದ ಸಮರ್ಪಕ ಉತ್ತರ ಬಂದಿಲ್ಲ.

ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ರೋಗಿಗಳ ಮೇಲೆ ನಡೆದು 2017ರ ಕೊನೆಯಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಸಿಸಾ ಪ್ರಯೋಗವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಒಂದು ಗುಂಪಿಗೆ ಮೂಳೆ ಕೊರೆಯಲಾಯಿತು, ಇನ್ನೊಂದಕ್ಕೆ ಕೊಳವೆ ಇಳಿಸಿ ನೋಡಿದ್ದಷ್ಟೇ, ಮೂಳೆಯನ್ನು ಮುಟ್ಟಲಿಲ್ಲ, ಮೂರನೆಯದಕ್ಕೆ ಚಿಕಿತ್ಸೆಯಿಲ್ಲ. ಆರು ತಿಂಗಳ ನಂತರ, ಹೆಚ್ಚಿದಷ್ಟೂ ಒಳ್ಳೆಯದೆನ್ನುವ 48 ಅಂಕಗಳ ಅಳತೆಯಲ್ಲಿ ಸರಾಸರಿ ಕ್ರಮವಾಗಿ 32.7, 34.2, 29.4. ಮೊದಲನೆಯದನ್ನೂ ಮೂರನೆಯದನ್ನೂ ಹೋಲಿಸಿ ಶಸ್ತ್ರಕ್ರಿಯೆ ಗೆದ್ದಿತೆನ್ನುವವರು ನಡುವಿನ ಅಂಕಿಯನ್ನು ಹಾರಿಸಿ ಓದುತ್ತಾರೆ. ಕೊರೆದವರಿಗೂ ಕೊರೆಯದವರಿಗೂ ಅಂತರವಿಲ್ಲವಾದರೆ ಕೊರೆಯುವಿಕೆಗೆ ಕೊಟ್ಟ ಸಮರ್ಥನೆ ಕುಸಿಯುತ್ತದೆ. ಚಿಕಿತ್ಸೆಯಿಲ್ಲದವರೊಡನೆ ಕಂಡ ಅಂತರವೂ ರೋಗಿಯ ಬದುಕಿನಲ್ಲಿ ಮಹತ್ವದ್ದಲ್ಲವೆಂದು ಸಂಶೋಧಕರೇ ತೀರ್ಮಾನಿಸಿದರು. ಮರುವರ್ಷ ಫಿನ್ಲೆಂಡಿನ ಪ್ರಯೋಗವೂ ಇದೇ ಕಡೆ ವಾಲಿತು. (ಪೆಟ್ಟು ಬಿದ್ದು ಒಮ್ಮೆಲೇ ಹರಿದ ರಜ್ಜು, ಮತ್ತೆ ಮತ್ತೆ ಕಳಚುವ ಕೀಲು ಬೇರೆ ಪ್ರಕರಣಗಳು, ಅಲ್ಲಿ ಆರ್ಥ್ರೋಸ್ಕೋಪಿಯ ಉಪಯೋಗವನ್ನು ಈ ವಾದ ಅಲ್ಲಗಳೆಯುವುದಿಲ್ಲ.)

ತಮಿಳುನಾಡಿನ ಸೇಲಂ, ಧರ್ಮಪುರಿಯ ಸೀಮೆಗೆ ಈ ವಿವಾದ ದೂರದ್ದಲ್ಲ. ಸೇಲಂನ ಸರ್ಕಾರಿ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು 1986ರಲ್ಲಿ, ಧರ್ಮಪುರಿಯದು 2008ರಲ್ಲಿ ಆರಂಭವಾದವು. ಅಂದರೆ ಮೊದಲನೆಯದು ಎಲ್ಮನ್ ಪ್ರಕಟಣೆಯ ಹೊಸ್ತಿಲಲ್ಲಿ, ಎರಡನೆಯದು ವ್ಯಾಯಾಮವೂ ಆರ್ಥ್ರೋಸ್ಕೋಪಿಯಷ್ಟೇ ಫಲಕಾರಿಯೆಂದು ನಾರ್ವೆಯ 1993ರ ಪ್ರಯೋಗ ತೋರಿಸಿ ಹದಿನೈದು ವರ್ಷ ಕಳೆದ ಮೇಲೆ. ಸೇಲಂನಲ್ಲಿ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡ ದೇವಾಂಗ ನೇಕಾರರ ಗುಂಡಿ ಮಗ್ಗವನ್ನು ನೋಡಿದರೆ ಕಾಡ್ಮನ್ ಅವರ ಮಾತಿನ ತೂಕ ತಿಳಿಯುತ್ತದೆ: ಒಂದು ಕೈ ಲಾಳಿಯ ಹಗ್ಗವನ್ನು ಜಗ್ಗುತ್ತದೆ, ಇನ್ನೊಂದು ಕೈ ಹೊಕ್ಕಿನ ಎಳೆಯನ್ನು ಬಡಿದು ಕೂರಿಸುವ ಚೌಕಟ್ಟನ್ನು ತಳ್ಳಿ ಎಳೆಯುತ್ತದೆ, ಕೈ ತಲೆಯ ಮೇಲಕ್ಕೆ ಹೋಗುವುದೇ ವಿರಳ, ಹಾಗಾಗಿ ಏಣು ಮೇಲಿನಿಂದ ಉಜ್ಜುವ ಸಂದರ್ಭವೂ ಕಡಿಮೆ. ಇಂಥ ದುಡಿಮೆಯ ಭುಜದ ಎಕ್ಸ್-ರೇ ಹಿಡಿದು ‘ಮೂಳೆ ಬೆಳೆದಿದೆ, ಕೊರೆಸಬೇಕು’ ಎಂದು ಹೇಳುವಾಗ ಹನ್ನೊಂದು ಮೂಳೆಗಳ ತಪ್ಪು ಓದೇ ಮರುಕಳಿಸುತ್ತದೆ. ಪ್ರತಿ ರೋಗಿಗೂ ಒಂದು ಚೀಟಿ ಬರೆದಿಟ್ಟು, ಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ಫಲವೇನಾಯಿತೆಂದು ವಿಚಾರಿಸಿ ದಾಖಲಿಸಬೇಕೆಂದು ಕಾಡ್ಮನ್ ಹಟ ಹಿಡಿದಿದ್ದರು. ಮಗ್ಗದ ಕೆಲಸ, ಸಕ್ಕರೆ ಕಾಯಿಲೆ, ಮಾಡಿಸಿದ ವ್ಯಾಯಾಮದ ಅವಧಿ, ವರ್ಷದ ನಂತರದ ಸ್ಥಿತಿ ಇವಿಷ್ಟನ್ನು ಹೊತ್ತ ಅಂಥ ಚೀಟಿಗಳು ಈ ಎರಡು ಜಿಲ್ಲೆಗಳ ಭುಜಗಳ ಬಗ್ಗೆ ಬಾಸ್ಟನ್, ನ್ಯೂಯಾರ್ಕ್‌ಗಳ ಮೂಳೆಗಳಿಗಿಂತ ನೇರವಾದ ಸಾಕ್ಷ್ಯ ಕೊಡಬಲ್ಲವು.