ದೇಣಿಗೆಗಾಗಿ ಮ್ಯಾರಥಾನ್ ತಾಲೀಮು: ಒಂದು ಪದ್ಧತಿ ಬೆಳೆದ ಬಗೆ

ಮ್ಯಾರಥಾನ್ ಓಟಕ್ಕೆ ದೇಹವನ್ನು ಅಣಿಗೊಳಿಸುವ ನಾಲ್ಕೈದು ತಿಂಗಳ ಅವಧಿಯಲ್ಲೇ ರೋಗಿಗಳಿಗಾಗಿ, ಶಾಲೆಗಳಿಗಾಗಿ ಅಥವಾ ವೈದ್ಯಕೀಯ ಸಂಶೋಧನೆಗಾಗಿ ಬಂಧುಮಿತ್ರರಿಂದ ದೇಣಿಗೆ ಕೂಡಿಸುವ ಪದ್ಧತಿ ಈಗ ಲಂಡನ್‌ನಿಂದ ಮುಂಬೈವರೆಗೆ ಬೇರೂರಿದ್ದು, ಓಟವೂ ದಾನವೂ ಮೊದಲಿನಿಂದಲೇ ಜೊತೆಗಿದ್ದವೆಂದು ಭಾವಿಸುವವರಿದ್ದಾರೆ. ಆದರೆ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸುಮಾರು 40 ಕಿಲೋಮೀಟರ್‌ಗಳ ಸ್ಪರ್ಧೆಯಾಗಿ ಹುಟ್ಟಿ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ 42.195 ಕಿಲೋಮೀಟರ್‌ಗಳಿಗೆ ಹಿಗ್ಗಿ, 1921ರಲ್ಲಿ ಅದೇ ಅಳತೆ ಅಧಿಕೃತಗೊಂಡ ಈ ಓಟ ದಶಕಗಳ ಕಾಲ ನುರಿತ ಪಟುಗಳ ಸ್ಪರ್ಧೆಯಾಗಿಯೇ ಉಳಿದಿತ್ತು. ಬಾಸ್ಟನ್ ಮ್ಯಾರಥಾನ್ ಮಹಿಳೆಯರಿಗೆ ಅಧಿಕೃತ ಪ್ರವೇಶ ಕೊಟ್ಟದ್ದೇ 1972ರಲ್ಲಿ. ಆ ಕಾಲದಲ್ಲೂ ಒಂದು ದೊಡ್ಡ ಅಪವಾದವಿದೆ. ಯುದ್ಧ ಮತ್ತು ಬರಗಾಲದಿಂದ ನಲುಗಿದ್ದ ಗ್ರೀಸ್‌ನಿಂದ 1946ರಲ್ಲಿ ಬಾಸ್ಟನ್‌ಗೆ ಬಂದ ಸ್ಟೈಲಿಯಾನೋಸ್ ಕಿರಿಯಾಕಿಡಿಸ್, ತನ್ನ ದೇಶದ ಹಸಿವನ್ನು ಅಮೆರಿಕನ್ನರ ಗಮನಕ್ಕೆ ತರಲೆಂದೇ ಓಡಿ ಗೆದ್ದು, ಆಹಾರ, ಔಷಧ ಮತ್ತು ಹಣದ ನೆರವನ್ನು ದೊರಕಿಸಿಕೊಂಡು ತಾಯ್ನಾಡಿಗೆ ಮರಳಿದರು. ಅಲ್ಲಿ ನೆರವು ಹರಿದು ಬಂದದ್ದು ಅವರ ಗೆಲುವಿನಿಂದ. ಗೆಲ್ಲುವ ಆಸೆಯೇ ಇಲ್ಲದ ಸಾಮಾನ್ಯನ ಓಟಕ್ಕೆ ಯಾರಾದರೂ ಹಣ ಕೊಡುವ ಕಾಲ ಇನ್ನೂ ಬಂದಿರಲಿಲ್ಲ.

ಅಂಥ ಕಾಲ ಬರಲು ಎರಡು ಬೆಳವಣಿಗೆಗಳು ಕೂಡಿಬರಬೇಕಾಯಿತು. ನ್ಯೂಜಿಲೆಂಡ್‌ನ ತರಬೇತುದಾರ ಆರ್ಥರ್ ಲಿಡಿಯಾರ್ಡ್, ವೇಗಕ್ಕಿಂತ ಮೊದಲು ನಿಧಾನದ ದೀರ್ಘ ಓಟಗಳಿಂದ ಹೃದಯ ಮತ್ತು ಸ್ನಾಯುಗಳ ತಾಳಿಕೆಯನ್ನು ಬೆಳೆಸಬೇಕೆಂಬ ವಿಧಾನವನ್ನು ರೂಪಿಸಿ, 1960ರ ದಶಕದ ಆರಂಭದಲ್ಲಿ ಆಕ್ಲೆಂಡ್‌ನ ನಡುವಯಸ್ಸಿನವರನ್ನೂ ಮೆಲು ಓಟಕ್ಕೆ, ಎಂದರೆ ಜಾಗಿಂಗ್‌ಗೆ, ಹಚ್ಚಿದ್ದರು. 1962ರಲ್ಲಿ ಅದನ್ನು ಕಣ್ಣಾರೆ ಕಂಡ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್ 1967ರಲ್ಲಿ ಹೃದಯತಜ್ಞರೊಬ್ಬರೊಡನೆ ಬರೆದ ‘ಜಾಗಿಂಗ್’ ಪುಸ್ತಕದ ಮೂಲಕ ಆ ಅಭ್ಯಾಸವನ್ನು ಅಮೆರಿಕದಲ್ಲಿ ಹರಡಿದರು. ಅದೇ ದಶಕದಲ್ಲಿ ಬ್ರಿಟನ್ ಮತ್ತು ಕೆನಡಾಗಳಲ್ಲಿ ಪ್ರಾಯೋಜಿತ ನಡಿಗೆಗಳು, ಅಂದರೆ ನಡೆದವರು ಕ್ರಮಿಸಿದ ಪ್ರತಿ ಮೈಲಿಗೆ ಇಂತಿಷ್ಟೆಂದು ದಾನಿಗಳು ಮೊದಲೇ ಒಪ್ಪಿ ಹಣ ತೆರುವ ನಡಿಗೆಗಳು, ಬಳಕೆಗೆ ಬಂದವು. ದೂರಕ್ಕೂ ದೇಣಿಗೆಗೂ ಗಂಟುಬಿದ್ದದ್ದು ಹೀಗೆ.

ಆ ಗಂಟನ್ನು ಇಡೀ ಜಗತ್ತು ಕಾಣುವಂತೆ ಮಾಡಿದವರು ಕೆನಡಾದ ಟೆರ್ರಿ ಫಾಕ್ಸ್. ಮೂಳೆಯ ಕ್ಯಾನ್ಸರ್‌ನಿಂದ 1977ರಲ್ಲಿ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕಳೆದುಕೊಂಡ ಈ ತರುಣ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ದೇಶವನ್ನು ಅಡ್ಡಹಾಯುವ ಸಂಕಲ್ಪವನ್ನು ಮೊದಮೊದಲು ಮನೆಯವರಿಂದಲೂ ಮುಚ್ಚಿಟ್ಟು, ಮ್ಯಾರಥಾನ್‌ಗೆ ತಾಲೀಮು ಮಾಡುತ್ತಿರುವುದಾಗಿ ಮಾತ್ರ ಹೇಳಿ, ಕೃತಕ ಕಾಲಿನ ಉಜ್ಜುವಿಕೆಯಿಂದಾದ ಹುಣ್ಣುಗಳನ್ನು ಸಹಿಸುತ್ತ 5,000 ಕಿಲೋಮೀಟರ್‌ಗಳಿಗೂ ಹೆಚ್ಚು ದೂರ ಅಭ್ಯಾಸ ಮಾಡಿದರು. 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್ ನಗರದಿಂದ ಹೊರಟು ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್‌ನಷ್ಟು ಓಡುತ್ತ, 143 ದಿನಗಳಲ್ಲಿ 5,373 ಕಿಲೋಮೀಟರ್ ಮುಗಿಸಿದಾಗ, ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಥಂಡರ್ ಬೇ ಬಳಿ ಅವರು ನಿಲ್ಲಬೇಕಾಯಿತು. ಪ್ರತಿ ಕೆನಡಿಯನ್ನನಿಂದ ಒಂದು ಡಾಲರ್ ಎಂಬ ಅವರ ಗುರಿ 1981ರ ಫೆಬ್ರವರಿಯಲ್ಲಿ, 2.4 ಕೋಟಿ ಡಾಲರ್ ದಾಟಿದ ನಿಧಿಯೊಂದಿಗೆ ಈಡೇರಿತು. ಅದೇ ವರ್ಷದ ಜೂನ್‌ನಲ್ಲಿ ಅವರು ತೀರಿಕೊಂಡರು. ಮುಟ್ಟಬೇಕಾದ ಕಡಲತೀರವನ್ನು ಮುಟ್ಟದ ಓಟಕ್ಕೆ ಒಂದು ದೇಶವೇ ಹಣ ಕೊಟ್ಟದ್ದು ಈ ಪದ್ಧತಿಯ ಇತಿಹಾಸದಲ್ಲಿ ನಿರ್ಣಾಯಕವಾದುದು, ಏಕೆಂದರೆ ಅಲ್ಲಿಂದ ಮುಂದೆ ದಾನಿಗಳು ಗೆಲುವನ್ನು ಕೇಳದೆ ದುಡಿಮೆಯನ್ನು ಕಂಡು ಕೊಡತೊಡಗಿದರು.

1979ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಓಡಿ ಬೆರಗಾದ ಬ್ರಿಟನ್‌ನ ಮಾಜಿ ಒಲಿಂಪಿಕ್ ಪಟುಗಳಾದ ಕ್ರಿಸ್ ಬ್ರಾಷರ್ ಮತ್ತು ಜಾನ್ ಡಿಸ್ಲಿ 1981ರ ಮಾರ್ಚ್ 29ರಂದು ಲಂಡನ್ ಮ್ಯಾರಥಾನ್ ಆರಂಭಿಸಿದರು. ಖರ್ಚು ಕಳೆದು ಉಳಿದ ಹಣ ನಗರದ ಆಟೋಟದ ಸೌಕರ್ಯಗಳಿಗೆ ಸಲ್ಲಬೇಕೆಂಬುದು ಅವರ ಮೂಲ ಉದ್ದೇಶಗಳಲ್ಲೊಂದಾಗಿತ್ತು. ಓಡಲು ಬಯಸುವವರ ಸಂಖ್ಯೆ ಜಾಗಕ್ಕಿಂತ ಬಹಳ ಹೆಚ್ಚಾದಾಗ, 1993ರಲ್ಲಿ ಗೋಲ್ಡನ್ ಬಾಂಡ್ ಎಂಬ ಏರ್ಪಾಟು ಬಂದಿತು: ಸೇವಾಸಂಸ್ಥೆಗಳು ಖಚಿತ ಪ್ರವೇಶಗಳನ್ನು ಕೊಂಡು, ನಿಗದಿತ ಮೊತ್ತವನ್ನು ಸಂಗ್ರಹಿಸಲು ಒಪ್ಪಿದ ಓಟಗಾರರಿಗೆ ಅವನ್ನು ಕೊಡುತ್ತವೆ. 2019ರ ಹೊತ್ತಿಗೆ ಈ ಓಟದಿಂದ ಒಟ್ಟು 100 ಕೋಟಿ ಪೌಂಡ್ ಸೇವಾಕಾರ್ಯಗಳಿಗೆ ಸಂದಿತ್ತು.

ಆದರೆ ತಾಲೀಮನ್ನೇ ದಾನದ ಜೀವಾಳವಾಗಿಸಿದ ಕೀರ್ತಿ ಅಮೆರಿಕದ ಬ್ರೂಸ್ ಕ್ಲೀಲ್ಯಾಂಡ್ ಅವರಿಗೆ ಸಲ್ಲಬೇಕು. ರಕ್ತದ ಕ್ಯಾನ್ಸರ್‌ನಿಂದ ಚೇತರಿಸಿಕೊಂಡ ಎಳೆಯ ಮಗಳಿಗಾಗಿ ಅವರು 1988ರಲ್ಲಿ 38 ಮಂದಿಯ ತಂಡವೊಂದನ್ನು ಕಟ್ಟಿ, ನ್ಯೂಯಾರ್ಕ್ ಮ್ಯಾರಥಾನ್‌ಗೆ ಸಜ್ಜುಗೊಳಿಸಿ, ಲ್ಯುಕೇಮಿಯಾ ಸೊಸೈಟಿಗೆ 3,22,000 ಡಾಲರ್ ಕೂಡಿಸಿದರು. ಇದರಿಂದ ಬೆಳೆದ ‘ಟೀಮ್ ಇನ್ ಟ್ರೇನಿಂಗ್’ ಕಾರ್ಯಕ್ರಮದ ಒಪ್ಪಂದ ಸರಳವಾಗಿತ್ತು: ಓಡಿ ಅಭ್ಯಾಸವಿಲ್ಲದವರಿಗೂ ಸಂಸ್ಥೆ ತರಬೇತುದಾರರನ್ನೂ ವೇಳಾಪಟ್ಟಿಯನ್ನೂ ಜೊತೆಗಾರರನ್ನೂ ಒದಗಿಸುತ್ತದೆ, ಪ್ರತಿಯಾಗಿ ಅವರು ದೇಣಿಗೆ ತರುತ್ತಾರೆ. ವಾರದ ದಿನಗಳಲ್ಲಿ ಕಿರು ಓಟಗಳು, ವಾರದ ಕೊನೆಗೆ ‘ಲಾಂಗ್ ರನ್’ ಎಂಬ ದೀರ್ಘ ಓಟ, ಅದರ ದೂರವನ್ನು ಸ್ವಲ್ಪಸ್ವಲ್ಪವೇ ಏರಿಸಿ ಸುಮಾರು 30 ಕಿಲೋಮೀಟರ್‌ಗೆ ಮುಟ್ಟಿಸುವುದು, ಬಳಿಕ ಸ್ಪರ್ಧೆಗೆ ಎರಡು ಮೂರು ವಾರವಿರುವಾಗ ದೂರವನ್ನು ಇಳಿಸುವುದು, ಅಂದರೆ ‘ಟೇಪರ್’, ಎಂಬುದು ಇಂಥ ತರಬೇತಿಯ ಸಾಮಾನ್ಯ ಕ್ರಮ. ಸ್ನಾಯು ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಹಲವರಲ್ಲಿ 30 ಕಿಲೋಮೀಟರ್ ಆಸುಪಾಸಿನಲ್ಲಿ ಬರಿದಾಗತೊಡಗುವುದರಿಂದ, ಕೊಬ್ಬನ್ನು ಇಂಧನವಾಗಿ ಬಳಸಲು ದೇಹವನ್ನು ಪಳಗಿಸುವುದೇ ಈ ದೀರ್ಘ ಓಟಗಳ ಮುಖ್ಯ ಕೆಲಸ. ಈ ನಿಧಾನದ ಏರಿಕೆಯೇ ದೇಣಿಗೆಗೂ ಒದಗಿಬಂದಿತು: ಒಂದೇ ದಿನದ ಸಾಹಸಕ್ಕೆ ಕೇಳುವುದಕ್ಕಿಂತ, ತಿಂಗಳುಗಟ್ಟಲೆ ಮುಂಜಾನೆ ಎದ್ದು ಓಡುವವರನ್ನು ಕಂಡ ನೆರೆಹೊರೆಯವರಲ್ಲಿ ಕೇಳುವುದು ಸುಲಭ. ಹರಕೆ ಹೊತ್ತು ಬೆಟ್ಟಕ್ಕೆ ನಡೆಯುವವರ ಕೈಗೆ ಊರವರು ಕಾಣಿಕೆ ಕೊಟ್ಟು ಕಳಿಸುವಂತೆ, ಇಲ್ಲಿಯೂ ಕೊಡುವವರು ಇನ್ನೊಬ್ಬರ ಶ್ರಮದಲ್ಲಿ ಪಾಲುದಾರರಾಗುತ್ತಾರೆ.

ಈ ಪದ್ಧತಿಯ ಮೇಲಿನ ಆಕ್ಷೇಪಗಳನ್ನು ಕಡೆಗಣಿಸುವಂತಿಲ್ಲ. ಪ್ರವೇಶದ ಬೆಲೆ, ತರಬೇತಿ, ಕೆಲವೆಡೆ ಓಟಗಾರರ ಪ್ರಯಾಣ ಮತ್ತು ವಸತಿಯ ವೆಚ್ಚಗಳನ್ನು ದೇಣಿಗೆಯಿಂದಲೇ ಕಳೆಯುವುದುಂಟು. ಕನಿಷ್ಠ ಮೊತ್ತದ ಷರತ್ತು ಉಳ್ಳವರ ಬಳಗವಿಲ್ಲದವರನ್ನು ಹೊರಗಿಡುತ್ತದೆ. ಖರ್ಚಿನ ಲೆಕ್ಕವನ್ನು ದಾನಿಗಳ ಮುಂದೆ ಮೊದಲೇ ಇಡುವುದು ಸಂಸ್ಥೆಗಳ ಕರ್ತವ್ಯ. ಈ ವಿಷಯದಲ್ಲಿ ಸಡಿಲಿಕೆ ಸಲ್ಲದು.

ಭಾರತದಲ್ಲಿ ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ನೆಲೆಗೊಂಡದ್ದು 2004ರಲ್ಲಿ ಆರಂಭವಾದ ಮುಂಬೈ ಮ್ಯಾರಥಾನ್‌ನಿಂದ. 2009ರಿಂದ ಅದರ ದೇಣಿಗೆ ವ್ಯವಹಾರವನ್ನು ಯುನೈಟೆಡ್ ವೇ ಮುಂಬೈ ಸಂಸ್ಥೆ ನೋಡಿಕೊಳ್ಳುತ್ತಿದೆ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ 10 ಕಿಲೋಮೀಟರ್‌ಗಳ ಓಟವೂ ಸೇವಾಸಂಸ್ಥೆಗಳ ನಿಧಿ ಸಂಗ್ರಹಕ್ಕೆ ವೇದಿಕೆಯಾಯಿತಾದರೂ, ಪೂರ್ಣ ಮ್ಯಾರಥಾನ್ ಬಯಸುವ ಇಲ್ಲಿನ ಅನೇಕರ ಕಣ್ಣು ಜನವರಿಯ ಮುಂಬೈ ಮೇಲೆಯೇ ಇರುತ್ತದೆ. ಅದಕ್ಕಾಗಿ ಅವರ ತಾಲೀಮು ಮಳೆಗಾಲದಲ್ಲೇ ಆರಂಭವಾಗಬೇಕು. ಕಬ್ಬನ್ ಪಾರ್ಕ್‌ನ ತಂಪಿನಲ್ಲಿ ಪಳಗಿದ ದೇಹ ಕಡಲತಡಿಯ ಸೆಕೆಗೆ ಹೊಂದಿಕೊಳ್ಳಬೇಕು; ಓಟದ ಕೊನೆಯ ಭಾಗದಲ್ಲಿ ದಣಿದ ಕಾಲುಗಳಿಗೆ ಪೆಡ್ಡರ್ ರಸ್ತೆಯ ಏರು ಎದುರಾಗುವುದರಿಂದ, ಅನುಭವಿ ತರಬೇತುದಾರರು ಏರುದಾರಿಯ ಓಟವನ್ನು ಅಭ್ಯಾಸದಲ್ಲಿ ಸೇರಿಸುತ್ತಾರೆ.