ಫ್ಲಾಶ್ ಹೊಡೆದು ಕಳೆದುಕೊಂಡ ಕಲ್ಲು

ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಅದರಲ್ಲಿದ್ದ ಫೋಟೋಗಳನ್ನೆಲ್ಲ ಬೇರೆ ಕಡೆ ಇಟ್ಟುಕೊಳ್ಳೋಣ ಅಂತ ಕಳೆದ ಭಾನುವಾರ ಕೂತೆ. ಎರಡು ಗಂಟೆಯ ಕೆಲಸ ಅಂದುಕೊಂಡಿದ್ದೆ, ಇಡೀ ದಿನ ಹಿಡಿಯಿತು. ಒಂದೊಂದು ಫೋಟೋ ನೋಡುತ್ತಾ ಕೂತರೆ ಹಾಗೇ ತಾನೆ!

ನಾನು ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡದ್ದು 2006ರಲ್ಲಿ. ರೋಲ್ ತೊಳೆಸುವ ಖರ್ಚಿಲ್ಲವಲ್ಲ, ಕಂಡದ್ದಕ್ಕೆಲ್ಲ ಕ್ಲಿಕ್. ಲಾರಿ ಹಿಂದಿನ ಬರಹ, ಕಾಗುಣಿತ ತಪ್ಪಿದ ಹೋಟೆಲ್ ಬೋರ್ಡು, ಹೊಲದಲ್ಲಿ ಪ್ಯಾಂಟು ಷರಟು ತೊಟ್ಟು ನಿಂತ ಬೆದರುಬೊಂಬೆ, ಮೈಲಿಗಲ್ಲಿನ ಮೇಲೆ ಗತ್ತಿನಿಂದ ಕೂತ ಕೋಳಿ... ಮನೆಯವರು "ನಮ್ಮದೂ ಒಂದು ತೆಗಿ ಮಾರಾಯ" ಅಂತ ನಗುತ್ತಿದ್ದರು. ಅವುಗಳ ನಡುವೆ ಒಂದು ಕಲ್ಲಿನ ಫೋಟೋ ಸಿಕ್ಕಿತು. ಇವತ್ತಿನ ಮಾತು ಅದರದ್ದು.

ಮದ್ದೂರಿನ ಆಚೆ ಒಂದು ಹಳ್ಳಿಗೆ ನೆಂಟರ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಬಸ್ಸಿಗೆ ಕಾಯುವಾಗ ಹುಣಸೆಮರದ ಕೆಳಗೆ ಎದೆಯೆತ್ತರದ ಕಲ್ಲೊಂದು ಕಂಡಿತು. ಅರ್ಧ ಮಣ್ಣಿನಲ್ಲಿ ಹೂತಿತ್ತು, ಮೇಲೆ ಕುಂಕುಮ ಬಳಿದಿತ್ತು. ಹತ್ತಿರ ಹೋಗಿ ಕ್ಯಾಮೆರಾ ಎತ್ತಿದೆ. ಪಕ್ಕದ ಜಗಲಿಯಿಂದ ಒಬ್ಬ ಅಜ್ಜಿ ಕೂಗಿದರು.

"ಚಪ್ಲಿ ಬುಟ್ಟು ನಿಂತ್ಕೊ ಮಗ, ಅದು ಈರಪ್ಪ."

"ಯಾರಜ್ಜಿ ಈರಪ್ಪ ಅಂದ್ರೆ?"

"ಯಾರೋ ನಮ್ಮೂರ್ ದನ ಬುಡುಸ್ಕೊಂಬರಾಕೋಗಿ ಸತ್ತೋನಂತೆ ಕಣಪ್ಪ. ನಮ್ಮತ್ತೆ ಹೇಳೋರು."

ಚಪ್ಪಲಿ ಬಿಟ್ಟು ಒಂದು ಫೋಟೋ ತೆಗೆದೆ. ಒಂದೇ ಒಂದು. ಅಷ್ಟರಲ್ಲಿ ಬಸ್ಸು ಬಂತು.

ಆಗ ನನಗೆ ವೀರಗಲ್ಲು ಅಂದರೆ ಶಾಲೆಯ ಪುಸ್ತಕದ ಒಂದು ಪದ ಮಾತ್ರ. ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡಿದ ಮೇಲೆ ಕುತೂಹಲ ಹುಟ್ಟಿ ಓದಲು ಶುರುಮಾಡಿದೆ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಹಂತ. ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಅವನು ಹೋರಾಡಿ ಸತ್ತ ಜಗಳ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತದ್ದು. ತುದಿಯಲ್ಲಿ ಸೂರ್ಯ ಚಂದ್ರ, ಅಂದರೆ ಇವರಿಬ್ಬರೂ ಇರುವವರೆಗೆ ಇವನ ಹೆಸರೂ ಇರಲಿ ಅಂತ. ಹಂತಗಳ ನಡುವಿನ ಪಟ್ಟಿಯಲ್ಲಿ ಕೆಲವೊಮ್ಮೆ ಬರಹ ಇರುತ್ತದೆ. ಹೆಚ್ಚಿನ ಕಲ್ಲುಗಳಲ್ಲಿ ಅದೂ ಇರುವುದಿಲ್ಲ.

ನನ್ನ ಫೋಟೋದಲ್ಲಿ ಕೆಳಗಿನ ಹಂತ ಮಣ್ಣಿನಿಂದ ಅರ್ಧ ಮೇಲಿದೆ. ಬಿಲ್ಲು ಹಿಡಿದವನ ಹಿಂದೆ ನಾಲ್ಕು ದನದ ತಲೆಗಳು! ಅಜ್ಜಿಯ ಅತ್ತೆ ಹೇಳಿದ್ದು ಸರಿಯಾಗಿತ್ತು. ದನ ಹೊಡೆದುಕೊಂಡು ಹೋಗುವುದಕ್ಕೆ ಹಳಗನ್ನಡದಲ್ಲಿ ತುರುಗೊಳ್ ಅನ್ನುತ್ತಾರೆ. ಅದನ್ನು ತಡೆಯಲು ಹೋಗಿ ಸತ್ತವರ ಕಲ್ಲುಗಳು ನಮ್ಮ ನಾಡಿನ ತುಂಬ ಇವೆ. ಓದು ಬರಹ ಬಾರದ ಮನೆಗಳಲ್ಲಿ ಅತ್ತೆಯಿಂದ ಸೊಸೆಗೆ ಆ ಸುದ್ದಿ ನಡೆದು ಬಂದಿತ್ತು. ಹೆಸರು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಗಿ 'ಈರಪ್ಪ' ಅಂತಷ್ಟೇ ಉಳಿದಿತ್ತು.

ಇಂಥ ಕಲ್ಲು ಎಷ್ಟು ಹೇಳಬಲ್ಲದು ಅನ್ನುವುದಕ್ಕೆ ಅದೇ ಸೀಮೆಯಲ್ಲಿ ಒಳ್ಳೆಯ ಉದಾಹರಣೆ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಸುಮಾರು ಕ್ರಿ.ಶ. 950ರದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಜೊತೆ ಚೆನ್ನಾಗಿ ಕಾದಿದವನು ಮಣಲೆರ. ಏನು ಬೇಕೋ ಕೇಳು ಅಂದರೆ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು! ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ನಾಯಿಗಾಗಿ ಮಣಲೆರ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿ ಎರಡೂ ಕಾದಾಡುತ್ತಿರುವ ಕೆತ್ತನೆ ನೋಡಲೇಬೇಕಾದದ್ದು. ಸಾವಿರ ವರ್ಷದ ಮೇಲೂ ನಾವು ಆ ನಾಯಿಯನ್ನು ಹೆಸರು ಹಿಡಿದು ಕರೆಯುತ್ತೇವೆ ಅಂದರೆ ಕಲ್ಲಿನ ಮೇಲಿನ ಅಕ್ಷರವೇ ಕಾರಣ.

ನನ್ನ ಕಲ್ಲಿನಲ್ಲೂ ಅಕ್ಷರ ಇತ್ತು. ಮೂರು ಸಾಲು. ಫೋಟೋದಲ್ಲಿ ಸಾಲುಗಳು ಇವೆ ಅಂತ ಗೊತ್ತಾಗುತ್ತದೆ, ಒಂದಕ್ಷರವೂ ಓದಲು ಬರುವುದಿಲ್ಲ!

ಕಾರಣ ನಾನೇ. ಮರದ ನೆರಳು, ಬೆಳಕು ಕಡಿಮೆ, ಆಟೋ ಫ್ಲಾಶ್ ತಾನಾಗಿ ಹೊಡೆಯಿತು. ಸವೆದ ಅಕ್ಷರಗಳು ಹೆಚ್ಚು ಆಳ ಇರುವುದಿಲ್ಲ. ಬೆಳಕು ಎದುರಿನಿಂದ ಬಿದ್ದರೆ ಆ ಗೆರೆಗಳಲ್ಲಿ ನೆರಳೇ ಇಲ್ಲ, ಎಲ್ಲ ಬೆಳ್ಳಗೆ ಚಪ್ಪಟೆ. ಜೊತೆಗೆ ಕಾರ್ಡಿನಲ್ಲಿ ಜಾಗ ಉಳಿಯಲಿ ಅಂತ ಫೋಟೋದ ಅಳತೆಯನ್ನೂ ಚಿಕ್ಕದಾಗಿ ಇಟ್ಟಿದ್ದೆ. ಕೋಳಿಯ ಹದಿನೈದು ಫೋಟೋಗಳಿಗೆ ಜಾಗ ಬೇಕಿತ್ತಲ್ಲ!

ಆರೇಳು ವರ್ಷ ಬಿಟ್ಟು ಮತ್ತೆ ಆ ಕಡೆ ಹೋದೆ. ರಸ್ತೆ ಅಗಲವಾಗಿತ್ತು. ಹುಣಸೆಮರ ಇರಲಿಲ್ಲ, ಅಜ್ಜಿಯ ಜಗಲಿಯೂ ಇರಲಿಲ್ಲ. ಕಲ್ಲಿನ ಬಗ್ಗೆ ಕೇಳಿದೆ. ಜೇಸೀಬಿಯವರು ಪಕ್ಕಕ್ಕಿಟ್ಟಿದ್ದರು ಅಂತ ಒಬ್ಬರು, ಮೋರಿಗೆ ಹಾಕಿದರು ಅಂತ ಇನ್ನೊಬ್ಬರು. ಮೋರಿಯ ಕೆಳಗೂ ಬಗ್ಗಿ ನೋಡಿ ಬಂದೆ.

ಹವ್ಯಾಸಿಗಳ ಫೋಟೋಗಳಿಂದ ಏನಾದೀತು ಅನ್ನುವವರು ಹಳೇಬೀಡನ್ನು ನೆನೆಯಬೇಕು. ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಕೊನೆಗೆ, ಇನ್ನೂ ಹವ್ಯಾಸಿಯಾಗಿದ್ದಾಗಲೇ, ಬೇಲೂರು ಹಳೇಬೀಡಿಗೆ ಹೋಗಿ ಫೋಟೋ ತೆಗೆದ. ಅವನದು ಕಾಗದದ ನೆಗೆಟಿವ್. ಹೊತ್ತುಕೊಂಡು ಹೋದ ಸಾಮಾನೇ ಎಷ್ಟಿತ್ತೋ. ಹಳೇಬೀಡಿನ ಕೇದಾರೇಶ್ವರ ಗುಡಿಗೆ ಈಗ ಶಿಖರವಿಲ್ಲ. ಶಿಖರ ಹೇಗಿತ್ತು, ಅದರ ಸಂದಿಯಲ್ಲಿ ಮರ ಹೇಗೆ ಬೇರು ಬಿಟ್ಟಿತ್ತು ಅಂತ ಇವತ್ತು ನಮಗೆ ತೋರಿಸುವುದು 19ನೇ ಶತಮಾನದ ಅಂಥ ಫೋಟೋಗಳೇ.

ಬೆಂಗಳೂರಿನದೂ ಒಂದು ಮಾತು. ಬೆಂದಕಾಳಿನ ಕಥೆ ನಮಗೆಲ್ಲ ಗೊತ್ತು, ವೀರಬಲ್ಲಾಳನ ಕಾಲದ್ದು ಅಂತ ಹೇಳುತ್ತಾರೆ. ಆದರೆ ಬೇಗೂರಿನಲ್ಲಿ ಅದಕ್ಕೂ ಹಿಂದಿನ, ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನ 'ಬೆಂಗಳೂರ ಕಾಳಗ'ದಲ್ಲಿ ಸತ್ತವನ ವಿಷಯ ಹೇಳುತ್ತದೆ. ಆ ಕಲ್ಲೊಂದು ಮೋರಿಗೆ ಹೋಗಿದ್ದರೆ ಬೆಂದಕಾಳೇ ಇತಿಹಾಸವಾಗಿಬಿಡುತ್ತಿತ್ತು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಇನ್ನೊಂದು ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಹೋರಾಡಿ ಸತ್ತವನ ಹೆಸರು ಕಿತ್ತಯ್ಯ. ನೋಡಿದವರು ಸುಮ್ಮನಿರಲಿಲ್ಲ, ಕಲ್ಲು ಉಳಿಯಿತು. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿಟ್ಟಿದ್ದಾರೆ. ಕಣ್ಣಿಗೆ ಕಾಣದ ಅಕ್ಷರಗಳೂ ಅದರಲ್ಲಿ ಎದ್ದು ಬರುತ್ತವೆ. ನೋಡಿದಾಗ ಸಂತೋಷವಾಯಿತು, ಹೊಟ್ಟೆಯೊಳಗೆ ಸಂಕಟವೂ ಆಯಿತು. ಕಿತ್ತಯ್ಯನಿಗೆ ಹೆಸರು ಸಿಕ್ಕಿತು. ನನ್ನ ಈರಪ್ಪನಿಗೆ?

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮೂರ ಅರಳಿಕಟ್ಟೆ ಹತ್ತಿರ, ಕೆರೆ ಏರಿಯ ಮೇಲೆ, ಬಟ್ಟೆ ಒಗೆಯುವ ಕಡೆ ಇಂಥ ಕಲ್ಲು ಕಂಡರೆ ಮೊದಲು ಫ್ಲಾಶ್ ಆರಿಸಿ. ಬೆಳಕು ಓರೆಯಾಗಿ ಬೀಳುವ ಹೊತ್ತು ನೋಡಿ. ಇಲ್ಲದಿದ್ದರೆ ಕತ್ತಲಾದ ಮೇಲೆ ಹೋಗಿ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿಯಿರಿ, ಅಕ್ಷರಗಳು ಎದ್ದು ನಿಲ್ಲುತ್ತವೆ. ಪೌಡರ್, ಸುಣ್ಣ, ಬಣ್ಣ ಏನೂ ಬಳಿಯಬೇಡಿ. ಪೂರ್ತಿ ಕಲ್ಲಿನದೊಂದು, ಪ್ರತಿ ಸಾಲಿನದೊಂದು, ಸುತ್ತಲಿನ ಜಾಗದ್ದೊಂದು ತೆಗೆಯಿರಿ. ಊರು, ತಾರೀಖು ಬರೆದಿಡಿ. ಅಲ್ಲೇ ಜಗಲಿಯ ಮೇಲೆ ಅಜ್ಜಿ ಇದ್ದರೆ ಐದು ನಿಮಿಷ ಕೂತು ಕೇಳಿ, ಬಸ್ಸು ಇನ್ನೊಂದು ಬರುತ್ತದೆ.

ನನ್ನ ಫೋಟೋವನ್ನು ಅಳಿಸಿಲ್ಲ. ಶಾಸನ ಓದಬಲ್ಲ ಒಬ್ಬರಿಗೆ ಕಳಿಸಿದ್ದೆ. ಎರಡನೇ ಸಾಲಿನ ಕೊನೆಗೆ 'ಯ್ಯ' ಇರಬಹುದು, ಖಚಿತವಿಲ್ಲ ಅಂದರು. ಏನಯ್ಯನೋ ಪಾಪ. ದನ ಉಳಿಸಲು ಹೋದವನು, ಅಷ್ಟಂತೂ ಗೊತ್ತು.