ಪ್ಲಗ್ ತೆಗೆದ ಮೇಲೂ ಶಾಕ್ ಹೊಡೆಯುತ್ತೆ: ಆಂಪ್ಲಿಫೈಯರ್, ಹೋಮ್ ಥಿಯೇಟರ್ ಬಿಚ್ಚುವ ಮುನ್ನ ಇದನ್ನು ಓದಿ

ಹಬ್ಬ, ಜಾತ್ರೆ ಹತ್ತಿರ ಬಂತು ಅಂದ್ರೆ ಅಟ್ಟದ ಮೇಲಿದ್ದ ಆಂಪ್ಲಿಫೈಯರ್ ಕೆಳಗಿಳಿಯುತ್ತದೆ. ಆನ್ ಮಾಡಿದರೆ ಗುಂಯ್ ಅನ್ನುತ್ತೆ, ಇಲ್ಲವೇ ಸದ್ದೇ ಇಲ್ಲ. ‘ಫ್ಯೂಸ್ ಹೋಗಿರಬೇಕು’ ಎಂದು ಸ್ಕ್ರೂಡ್ರೈವರ್ ಹಿಡಿದು ಕೂರುವವರು ಪ್ರತಿ ಓಣಿಯಲ್ಲೂ ಇದ್ದಾರೆ. ರಿಪೇರಿ ಕಲಿಯುವುದು ತಪ್ಪಲ್ಲ. ‘ಪ್ಲಗ್ ತೆಗೆದಿದ್ದೀನಲ್ಲ, ಇನ್ನೇನಾಗುತ್ತೆ’ ಅನ್ನೋ ಧೈರ್ಯ ತಪ್ಪು.

ಕರೆಂಟ್ ಎಲ್ಲಿ ಉಳಿದಿರುತ್ತೆ?

ಹೋಮ್ ಥಿಯೇಟರ್, ಸೌಂಡ್‌ಬಾರ್‌ಗಳಲ್ಲಿ ಈಗ ಹೆಚ್ಚಾಗಿ ಇರುವುದು ಎಸ್‌ಎಂಪಿಎಸ್ ಬೋರ್ಡ್. ಮನೆಯ 230 ವೋಲ್ಟ್ ಎಸಿಯನ್ನು ಅದು ಮೊದಲು ಸುಮಾರು 325 ವೋಲ್ಟ್ ಡಿಸಿ ಮಾಡಿ, ದಪ್ಪ ಕೆಪಾಸಿಟರ್‌ನಲ್ಲಿ ತುಂಬಿಡುತ್ತದೆ. ಅದರ ಮೈಮೇಲೆ 400 ಅಥವಾ 450 ವೋಲ್ಟ್ ಎಂದು ಬರೆದಿರುತ್ತದೆ. ಸೆಟ್ ಸರಿಯಿದ್ದರೆ ಈ ಚಾರ್ಜ್ ಬೇಗ ಖಾಲಿಯಾಗುತ್ತದೆ. ಸೆಟ್ ಸತ್ತಿದ್ದರೆ ಅದನ್ನು ಬಳಸುವವರೇ ಇಲ್ಲ, ಹಾಗಾಗಿ ಅಲ್ಲೇ ಉಳಿಯಬಹುದು. ರಿಪೇರಿಗೆ ಬರುವುದು ಸತ್ತ ಸೆಟ್ಟೇ ಅನ್ನೋದು ನೆನಪಿರಲಿ.

ಟ್ರಾನ್ಸ್‌ಫಾರ್ಮರ್ ಇರುವ ಹಳೆ ಆಂಪ್ಲಿಫೈಯರ್‌ನ ಕೆಪಾಸಿಟರ್‌ಗಳಲ್ಲಿ ವೋಲ್ಟೇಜ್ ಕಡಿಮೆ, ಆದರೆ ಶಕ್ತಿ ಹೆಚ್ಚು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡಿದರೆ ಕಿಡಿ ಹಾರಿ ತುದಿ ಕರಗುತ್ತೆ. ಬೆರಳಿನ ಉಂಗುರ, ಕೈಯ ಚೈನು ತಗುಲಿದರೆ ಚರ್ಮ ಸುಡುತ್ತೆ. ಇನ್ನು ಅಜ್ಜನ ಕಾಲದ ವಾಲ್ವ್ ರೇಡಿಯೊ ಇದ್ದರೆ ಇನ್ನೂ ಹುಷಾರು. ಅವುಗಳಲ್ಲಿ ಕೆಲವಕ್ಕೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಳಗಿನ ಲೋಹದ ತಟ್ಟೆಗೇ ಮೇನ್ಸ್ ತಗುಲಿರುತ್ತದೆ.

ಡಿಸ್ಚಾರ್ಜ್ ಮಾಡುವ ಕ್ರಮ

1. ಸ್ವಿಚ್ ಆಫ್ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿಡಿ. ವೈರಿಂಗ್‌ನಲ್ಲಿ ಸ್ವಿಚ್ ನ್ಯೂಟ್ರಲ್‌ಗೆ ಬಿದ್ದಿದ್ದರೆ ಆಫ್ ಮಾಡಿದರೂ ಫೇಸ್ ಒಳಗೆ ಬರುತ್ತಲೇ ಇರುತ್ತೆ.
2. ಹತ್ತು ನಿಮಿಷ ಬಿಡಿ. ಉಂಗುರ, ವಾಚ್ ತೆಗೆಯಿರಿ.
3. ಮಲ್ಟಿಮೀಟರನ್ನು ಡಿಸಿ 600 ಅಥವಾ 1000 ವೋಲ್ಟ್‌ಗೆ ಇಟ್ಟು ಕೆಪಾಸಿಟರ್‌ನ ಎರಡೂ ಕಾಲುಗಳ ಮೇಲೆ ಅಳೆಯಿರಿ. ಮೀಟರ್ ಸರಿಯಿದೆಯೇ ಎಂದು ಮೊದಲು ಒಂದು ಬ್ಯಾಟರಿ ಸೆಲ್ ಮೇಲೆ ನೋಡಿಕೊಳ್ಳಿ. ಟೆಸ್ಟರ್ ನಂಬಬೇಡಿ.
4. ವೋಲ್ಟೇಜ್ ತೋರಿಸಿದರೆ 2.2 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ವೈರ್ ಬೆಸೆದು ಎರಡೂ ಕಾಲುಗಳಿಗೆ ಕೆಲವು ಸೆಕೆಂಡ್ ಹಿಡಿಯಿರಿ. ಬರಿಗೈ ತಾಗಬಾರದು.
5. ಮತ್ತೆ ಅಳೆಯಿರಿ. 10 ವೋಲ್ಟ್‌ಗಿಂತ ಕೆಳಗೆ ಬಂದ ಮೇಲೆ ಕೈ ಹಾಕಿ.

ಅರ್ಥಿಂಗ್ ಪಿನ್ ಕತ್ತರಿಸಬೇಡಿ

ಗುಂಯ್ ಸದ್ದು ನಿಲ್ಲಿಸಲು ತ್ರೀ ಪಿನ್ ಪ್ಲಗ್‌ನ ಅರ್ಥ್ ಪಿನ್ ತೆಗೆಯುವ ಅಭ್ಯಾಸ ಹಲವರಿಗಿದೆ. ಸದ್ದು ನಿಲ್ಲಬಹುದು. ಆದರೆ ಒಳಗೆ ಫೇಸ್ ವೈರ್ ಬಾಡಿಗೆ ತಗುಲಿದ ದಿನ ಫ್ಯೂಸ್ ಹೋಗಲ್ಲ, ಇಡೀ ಪೆಟ್ಟಿಗೆಗೆ ಕರೆಂಟ್ ಬರುತ್ತೆ. ಆ ಕರೆಂಟ್ ಮೈಕ್ ವೈರ್ ಮೂಲಕ ಹಾಡುವವರ ತುಟಿಯವರೆಗೂ ಹೋಗುತ್ತೆ. ಭಜನೆಗೆ ಮೈಕ್ ಹಿಡಿದ ಮಗುವಿಗೆ ಇದು ಗೊತ್ತಿರಲ್ಲ.

ಫ್ಯೂಸ್ ಎಷ್ಟು ಆಂಪಿಯರ್ ಬರೆದಿದೆಯೋ ಅಷ್ಟರದ್ದೇ ಹಾಕಿ. ತಂತಿ ಸುತ್ತಿದರೆ ಬೆಂಕಿಯೇ ಗತಿ.

ಎಂಸಿಬಿ ಇದೆಯಲ್ಲ?

ಎಂಸಿಬಿ ಕಾಯುವುದು ವೈರಿಂಗನ್ನು, ಮನುಷ್ಯನನ್ನಲ್ಲ. ಒಂದು 60 ವ್ಯಾಟ್ ಬಲ್ಬ್ ಎಳೆಯುವುದು ಕಾಲು ಆಂಪಿಯರ್. ಅದರ ಅರ್ಧಕ್ಕಿಂತ ಕಡಿಮೆ ಕರೆಂಟ್ ಎದೆಯ ಮೂಲಕ ಹರಿದರೂ ಜೀವ ಹೋಗಬಹುದು. 6 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಮನೆಗೆ, ಅಂಗಡಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಆದರೆ ಒಂದು ಕೈ ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ ತಗುಲಿದರೆ ಅದೂ ಟ್ರಿಪ್ ಆಗದೇ ಇರಬಹುದು. ಕೆಪಾಸಿಟರ್ ಶಾಕ್‌ಗಂತೂ ಅದು ಕೆಲಸಕ್ಕೆ ಬರಲ್ಲ.

ರಿಪೇರಿ ಅಂಗಡಿಯವರಿಗೆ

ರಿಪೇರಿ ಆದ ಸೆಟ್ಟನ್ನು ನೇರವಾಗಿ ಮೇನ್ಸ್‌ಗೆ ಹಾಕದೆ ಹಳೆ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡ್‌ನಲ್ಲಿ ನೋಡಿ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ. ಒಮ್ಮೆ ಮಿಂಚಿ ಮಂಕಾದರೆ ಸಾಮಾನ್ಯವಾಗಿ ಸರಿಯಿದೆ. ಸೀರೀಸ್ ಬಲ್ಬ್ ಬೋರ್ಡನ್ನು ಉಳಿಸುತ್ತೆ, ನಿಮ್ಮನ್ನಲ್ಲ. ಆನ್ ಇರುವ ಸೆಟ್ ಅಳೆಯಲೇಬೇಕಾದರೆ ಒಂದೇ ಕೈ ಬಳಸಿ, ಕಾಲಿಗೆ ಒಣ ರಬ್ಬರ್ ಚಪ್ಪಲಿ ಇರಲಿ, ಅಂಗಡಿಯಲ್ಲಿ ಇನ್ನೊಬ್ಬರು ಇರಲಿ. ಕೆಲಸ ಕಲಿಯಲು ಬಂದ ಹುಡುಗನಿಗೆ ಬೆಸುಗೆ ಹಾಕುವುದಕ್ಕಿಂತ ಮೊದಲು ಡಿಸ್ಚಾರ್ಜ್ ಮಾಡುವುದನ್ನು ಕಲಿಸಿ.

ಶಾಕ್ ಹೊಡೆದರೆ

ಅಂಟಿಕೊಂಡವರನ್ನು ಮುಟ್ಟಬೇಡಿ. ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಒಣ ಮರದ ಕೋಲಿನಿಂದ ವೈರ್ ಬೇರ್ಪಡಿಸಿ. 108ಕ್ಕೆ ಕರೆ ಮಾಡಿ. ಪ್ರಜ್ಞೆಯಿಲ್ಲ, ಉಸಿರಾಟವೂ ಇಲ್ಲ ಅಂದ್ರೆ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಿಗೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತು ‘ಏನೂ ಆಗಿಲ್ಲ’ ಅಂದರೂ ಒಮ್ಮೆ ಆಸ್ಪತ್ರೆಗೆ ತೋರಿಸಿ, ಹೃದಯದ ಬಡಿತದಲ್ಲಿ ಏರುಪೇರು ಆಗಿರಬಹುದು.

ಕೊನೆಗೆ ಒಂದೇ ಮಾತು: ಮನೆಯಲ್ಲಿ ಮಲ್ಟಿಮೀಟರ್ ಇಲ್ಲ, ಅಳೆಯಲು ಬರಲ್ಲ ಅಂದ್ರೆ ಪೆಟ್ಟಿಗೆ ಬಿಚ್ಚಬೇಡಿ. ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಕೊಡಿ.